ಉಪವಾಸಕ್ಕೆ ನಡೆಯುವ ಮರಳು

ನಾಸಿಕದ ಕನ್ನಡಿಗರ ಶುದ್ಧ ಸಸ್ಯಾಹಾರಿ ಸಹಕಾರಿ ವಸತಿ ಸಂಘದ ಕಟ್ಟಡದಲ್ಲಿ ಮೀನು ಸಾಕಲು ಯಾವ ಅಡ್ಡಿಯೂ ಇರಲಿಲ್ಲ. ಬದುಕಿರುವಷ್ಟು ಕಾಲ ಮೀನು ಒಂದು ಪ್ರಾಣಿ. ಸತ್ತ ಕ್ಷಣದಿಂದ ಅದು ಮಾಂಸಾಹಾರ. ಯಾರ ಮನೆಯಲ್ಲಿ ಮೀನು ಸಾಯುತ್ತದೋ ಅವರು ಮನೆ ಖಾಲಿ ಮಾಡತಕ್ಕದ್ದು. ಇದನ್ನು ಸಂಘದ ಅಧ್ಯಕ್ಷರೂ ಓಝರಿನ ವಿಮಾನ ಕಾರ್ಖಾನೆಯ ಇಂಜಿನಿಯರೂ ಆದ ನಾರಾಯಣಸ್ವಾಮಿಯವರು ಎಪ್ಪತ್ತಮೂರನೆಯ ಇಸವಿಯ ಸಭೆಯಲ್ಲಿ ಸ್ಪಷ್ಟಪಡಿಸಿದರು.

ಇದನ್ನು ಕೇಳಿ ಕಂಗಾಲಾದವರು ಹೋಟೆಲು ನಡೆಸುವ ಉಮಾನಾಥರು. ಮಲ್ಪೆ ಕಡೆಯವರು, ಹುಟ್ಟಿದಾರಭ್ಯ ಮೀನು ಬಾಯಿಗಿಟ್ಟವರಲ್ಲ. ಆದರೆ ಚಿಕ್ಕಂದಿನಲ್ಲಿ ಬಂಡೆಗಳ ನಡುವಿನ ನೀರಿನಲ್ಲಿ ಮೀನು ನೋಡುತ್ತ ಶಾಲೆ ತಪ್ಪಿಸಿದವರು. ಈಗ ಭಾವಮೈದುನ ಮುಂಬಯಿಯಿಂದ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಒಂದು ಗಾಜಿನ ತೊಟ್ಟಿ, ಕ್ಯಾನುಗಟ್ಟಲೆ ಸಮುದ್ರದ ನೀರು ತಂದುಕೊಟ್ಟಿದ್ದ. ತೊಟ್ಟಿ ಸಿದ್ಧವಾಗುವ ತನಕ ಮೀನುಗಳು ಬಚ್ಚಲುಮನೆಯ ಡ್ರಮ್ಮಿನಲ್ಲಿದ್ದವು. ಉಮಾನಾಥರು ಗಿರಾಕಿಗಳ ಗಲಾಟೆಯ ನಡುವೆಯೂ ಗಲ್ಲಾ ಬಿಟ್ಟು ಮನೆಗೆ ಓಡಿ, ಡ್ರಮ್ಮಿಗೆ ಬಗ್ಗಿ, “ಏನ್ರೋ, ಉಂಡ್ರಾ?” ಎಂದು ಕೇಳಿ ಬರುತ್ತಿದ್ದರು. ಅಷ್ಟು ಹುಚ್ಚು.

ಇನ್ನು ತೊಟ್ಟಿಯ ತಳಕ್ಕೆ ಹಾಸುವುದೊಂದೇ ಬಾಕಿ. ಚಿಪ್ಪಿನ ಚೂರಿನ ಚೀಲ ಬಂದದ್ದನ್ನು ಕಾರ್ಯದರ್ಶಿ ರೇವಣಪ್ಪನವರು ಗೇಟಿನಲ್ಲೇ ತಡೆದರು.

“ಇದೇನ್ರಿ?”

“ಚಿಪ್ಪಿನ ಚೂರು ಮಾರಾಯ್ರೆ. ಸಮುದ್ರದ ಮೀನಿಗೆ ಇದೇ ಆಗ್ಬೇಕು. ಇಲ್ಲದಿದ್ರೆ ನೀರು ಹುಳಿ ಬಂದು ಸಾಯ್ತವೆ.”

“ಚಿಪ್ಪಿನೊಳಗ ಮೊದಲ ಏನಿತ್ರಿ?”

ಉಮಾನಾಥರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ಹುಳ ಇತ್ತು. ಸತ್ತಿದೆ.”

“ಮತ್ತ? ನಾನ್‌ವೆಜ್ ಆತಲ್ರಿ!”

ಹೀಗೆ ಸಂಘವು ತಳಹಾಸು ಉಪಸಮಿತಿಯನ್ನು ರಚಿಸಿತು. ಸಮಿತಿ ಉಮಾನಾಥರ ಮನೆಯಲ್ಲೇ ಕೂತಿತು. ಅವರ ಹೆಂಡತಿ ಜಲಜಾಕ್ಷಿ ವೀಳ್ಯದ ತಟ್ಟೆ ತಂದಿಟ್ಟರು. ಅಧ್ಯಕ್ಷರು ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡದ್ದೇ ತಡ, ಉಮಾನಾಥರಿಗೆ ಧೈರ್ಯ ಬಂತು.

“ಈ ಸುಣ್ಣ ನಮ್ಮೂರಿನದ್ದು ಸ್ವಾಮಿ. ಚಿಪ್ಪು ಸುಟ್ಟೇ ಮಾಡೋದು.”

ನಾರಾಯಣಸ್ವಾಮಿ ಅಗಿಯುವುದನ್ನು ನಿಲ್ಲಿಸಿದರು. ಯೋಚಿಸಿದರು. ಮತ್ತೆ ಅಗಿದರು. “ನೋಡಿ, ಸುಣ್ಣ ಇವತ್ತಿನ ವಿಷಯಪಟ್ಟಿಯಲ್ಲಿಲ್ಲ,” ಎಂದು ಇನ್ನೊಂದು ಎಲೆ ಎತ್ತಿಕೊಂಡರು.

ಗೋದಾವರಿಯ ಮರಳನ್ನು ಸಮಿತಿ ಗೌರವಪೂರ್ವಕವಾಗಿ ತಿರಸ್ಕರಿಸಿತು. ಆ ನದಿಯ ರಾಮಕುಂಡದಲ್ಲಿ ಅಸ್ಥಿ ಬಿಡುತ್ತಾರೆ. ತೀರಿಕೊಂಡವರೆಲ್ಲ ಸಸ್ಯಾಹಾರಿಗಳೇ ಆಗಿದ್ದರೆಂಬುದಕ್ಕೆ ಪುರಾವೆ ಇಲ್ಲ. ವೈಜಾಪುರದ ಹಳ್ಳದ ಮರಳೂ ಬಿದ್ದುಹೋಯಿತು, ಅದರ ಮೇಲೆ ಕುರಿಗಳು ನಡೆದಿರುವ ಸಂಭವವಿತ್ತು. ಕಡೆಗೆ ರೇವಣಪ್ಪನವರಿಗೆ ಹೊಳೆಯಿತು.

“ಸಾಬಕ್ಕಿ ಹಾಕ್ರಿ! ಇಲ್ಲೆ ಮಂದಿ ಏಕಾದಶಿಗೆ ಅದರದ್ದ ಖಿಚಡಿ ತಿಂತಾರ. ಉಪಾಸಕ್ಕ ನಡೆದದ್ದು ಮೀನಿಗೆ ನಡಿಯಂಗಿಲ್ಲೇನ್ರಿ?”

“ಅಯ್ಯೋ, ನೀರಿಗೆ ಬಿದ್ರೆ ಪಾಯಸ ಆಗ್ತದಲ್ಲ!” ಉಮಾನಾಥರಿಗೆ ಅಳುವೇ ಬಂತು.

“ಆಗಲ್ಲ,” ಎಂದರು ಇಂಜಿನಿಯರು. “ಇದು ಉಪ್ಪುನೀರು. ಪಾಯಸಕ್ಕೆ ಬೆಲ್ಲ ಬೇಕು.”

ಪ್ರಕಟಣೆ ಗೋಡೆಗೆ ಬಿತ್ತು: ‘ತೊಟ್ಟಿಯ ತಳಕ್ಕೆ ಉಪವಾಸಯೋಗ್ಯ ಪದಾರ್ಥವನ್ನು ಮಾತ್ರ ಹಾಸತಕ್ಕದ್ದು.’

ಉಮಾನಾಥರು ತಲೆಮೇಲೆ ಕೈಹೊತ್ತು ಕೂತರು. ಜಲಜಾಕ್ಷಿ ಪ್ರಕಟಣೆಯನ್ನು ಓದಿ ಬಂದು ಕೇಳಿದರು, “ಅಲ್ಲ ಇವರೇ, ತೊಟ್ಟಿಗೆ ಏನು ಹಾಕ್ಬೇಕು ಅಂತ ಬರೆದಿದ್ದಾರೆ. ಬಚ್ಚಲಿನ ಡ್ರಮ್ಮಿಗೆ ಏನು ಹಾಕ್ಬೇಕು ಅಂತ ಬರೆದಿದ್ದಾರಾ?”

ಬರೆದಿರಲಿಲ್ಲ. ಗೇಟಿನ ಬಳಿ ಬಿದ್ದಿದ್ದ ಚಿಪ್ಪಿನ ಚೂರು ಜಲಜಾಕ್ಷಿಯ ರಂಗೋಲಿ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮೇಲೆ ಹತ್ತಿ ಡ್ರಮ್ಮಿನ ತಳ ಸೇರಿತು. ಮೀನುಗಳು ಅಲ್ಲೇ ಉಳಿದವು. ಹಜಾರದ ತೊಟ್ಟಿಗೆ ಸಾಬಕ್ಕಿ ಬಿತ್ತು. ವಾರ ಕಳೆಯುವುದರೊಳಗೆ ಅದು ಗಂಜಿಯಾಗಿ ಗಾಜಿನೊಳಗೆ ಬೆಳ್ಳಗೆ ನಿಂತಿತು.

ರೇವಣಪ್ಪನವರೊಡನೆ ತಪಾಸಣೆಗೆ ಬಂದ ಅಧ್ಯಕ್ಷರು ತೊಟ್ಟಿಗೆ ಮೂಗು ಹಚ್ಚಿ ನೋಡಿದರು. “ಮೀನು ಕಾಣಿಸ್ತಿಲ್ಲವಲ್ಲ?”

“ಮನೆಯಲ್ಲೇ ಉಂಟು ಸ್ವಾಮಿ,” ಎಂದರು ಉಮಾನಾಥರು, ಜೀವ ಕೈಯಲ್ಲಿ ಹಿಡಿದು.

“ಸತ್ತಿದ್ದರೆ ತೇಲಬೇಕಿತ್ತು. ತೇಲಿಲ್ಲ. ಆದ್ದರಿಂದ ಬದುಕಿವೆ.” ಅಧ್ಯಕ್ಷರು ಬೆರಳಿಗೆ ಅಂಟಿದ ಗಂಜಿ ನೋಡಿಕೊಂಡರು. “ಕೈ ತೊಳೆಯೋದೆಲ್ಲಿ?”

ತಡೆಯುವಷ್ಟರಲ್ಲಿ ಬಚ್ಚಲಿಗೆ ಹೊಕ್ಕಾಗಿತ್ತು. ಪಾತ್ರೆ ಯಾವ ಗೋಣಿಗೆ ತುಂಬುವುದು, ಸಾಮಾನು ಯಾವ ಲಾರಿಗೆ ಹೇರುವುದು ಎಂಬಲ್ಲಿಯವರೆಗೂ ಹೊರಗೆ ನಿಂತ ಉಮಾನಾಥರ ಯೋಚನೆ ಓಡಿತು. ಒಳಗಿನಿಂದ ನೀರಿನ ಸದ್ದೇ ಇಲ್ಲ. ಬಹಳ ಹೊತ್ತಾದ ಮೇಲೆ ನಾರಾಯಣಸ್ವಾಮಿ ಹೊರಬಂದರು. ಬೆರಳಿನ ಗಂಜಿ ಅಲ್ಲೇ ಒಣಗಿತ್ತು. ಮುಖ ಮಾತ್ರ ಹುಡುಗನದಾಗಿತ್ತು.

“ಎರಡರಲ್ಲಿ ಒಂದು ಸ್ವಲ್ಪ ದಪ್ಪ ಆಗಿದೆ,” ಎಂದು ಮೆಲ್ಲಗೆ ಹೇಳಿ, ಕೆಮ್ಮಿ, ರೇವಣಪ್ಪನವರ ಕಡೆ ತಿರುಗಿದರು. “ಬರೆದುಕೊಳ್ಳಿ. ತೊಟ್ಟಿಯ ಮೀನುಗಳು ಆರೋಗ್ಯವಾಗಿವೆ. ಸಾಬಕ್ಕಿಯ ತಳ ಅತ್ಯುತ್ತಮ.”

“ಬರೀತೀನ್ರಿ. ಅದಕ್ಕ ಮೊದಲ ನಾನೂ ಒಂದೀಟು ಕೈ ತೊಳಕೊಂಡ್ ಬರ್ತೀನಿ.”

ಈಗ ಕಟ್ಟಡದ ಮನೆಮನೆಯಲ್ಲೂ ಸಾಬಕ್ಕಿ ತೊಟ್ಟಿ ಇದೆ. ಮೀನು ಹಾಕುವ ತೊಂದರೆ ಇಲ್ಲದ ಕಾರಣ ಎಲ್ಲರಿಗೂ ಅನುಕೂಲವಾಗಿದೆ. ಔರಂಗಾಬಾದಿನ ಹೋಟೆಲಿನವರೂ ಬಂದು ಮಾದರಿ ನೋಡಿಕೊಂಡು ಹೋದರು. ಭಾನುವಾರ ಬೆಳಿಗ್ಗೆ ಸಂಘದ ಸದಸ್ಯರು ಮಕ್ಕಳನ್ನು ಕಟ್ಟಿಕೊಂಡು ಉಮಾನಾಥರ ಮನೆಗೆ ಕೈ ತೊಳೆಯಲು ಬರುತ್ತಾರೆ. ನೂಕುನುಗ್ಗಲಾಗದಂತೆ ರೇವಣಪ್ಪನವರು ಸಾಲು ನಿಲ್ಲಿಸುತ್ತಾರೆ. ಜಲಜಾಕ್ಷಿ ಬಚ್ಚಲ ಬಾಗಿಲಿಗೆ ಹೊಸ ಟವೆಲೊಂದನ್ನು ತೂಗುಹಾಕಿದ್ದಾರೆ. ಅದು ಇಂದಿಗೂ ಒದ್ದೆಯಾಗಿಲ್ಲ.