ಕೆಂಪಮ್ಮನವರ ಮಂಡಿ, ನನ್ನ ತಂಗಾಳಿ

ನೋವಿನ ಬಗ್ಗೆ ಸಮಾಧಾನದಿಂದ ಮಾತಾಡಲು ಬೇಕಾದ ಅನುಕೂಲ ಒಂದೇ: ನೋವು ಇನ್ನೊಬ್ಬರ ಮಂಡಿಯಲ್ಲಿರಬೇಕು. ಹುಣಸೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸಾಗಿರುವ ನನಗೆ ಈ ಅನುಕೂಲ ದಿನವೂ ಒದಗುತ್ತದೆ. ಮಂಡಿ ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸುವ ಮುಂಚೆ ನಾಲ್ಕೈದು ನಿಮಿಷ ಉಸಿರಿನ ಕಡೆ ಗಮನ ಕೊಡಿಸಿದರೆ ನೋವು ತಡೆದುಕೊಳ್ಳುವುದು ಸುಲಭವಾಗುತ್ತದೆ, ಯಾರು ಮಾಡಿಸುತ್ತೀರಿ ಎಂದು ನಮ್ಮ ಡಾಕ್ಟರು ಕೇಳಿದಾಗ ನಾನೇ ಮುಂದೆ ಬಂದೆ. ಹೇಳಬೇಕಾದ ಮಾತುಗಳನ್ನು ಅವರು ಕಲಿಸಿಕೊಟ್ಟರು. ಅವು ತೀರಾ ಬರಡೆನಿಸಿ, ನಾನು ಅವಕ್ಕೆ ಹೊಳೆ, ಹಕ್ಕಿ, ತಂಗಾಳಿಗಳನ್ನು ಸೇರಿಸಿಕೊಂಡೆ.

ಮೊದಲು ಸಿಕ್ಕವರು ಗುರುಪುರದ ಕೆಂಪಮ್ಮನವರು. ಆಪರೇಷನ್ ಆದ ಮಾರನೇ ದಿನ ಫಿಸಿಯೋಥೆರಪಿಸ್ಟ್ ಕಾಲು ಮುಟ್ಟುವ ಮೊದಲೇ ಅವರು ಕೂಗಿದ ಕೂಗಿಗೆ ಹೊರಗೆ ಕೂತಿದ್ದ ಇಬ್ಬರು ಎದ್ದು ಮನೆಗೆ ಹೋದರು. ಹೀಗೇ ಬಿಟ್ಟರೆ ಮಂಡಿ ಬಿಗಿದುಕೊಂಡು, ಮುಂದೆ ನಡೆಯುವುದೇ ಕಷ್ಟವಾಗುತ್ತದೆಂದು ಡಾಕ್ಟರು ಎಚ್ಚರಿಸಿದರು. ನಾನು ಕುರ್ಚಿ ಎಳೆದುಕೊಂಡು, ಅವರಿಗೆ ಕಣ್ಣು ಮುಚ್ಚಲು ಹೇಳಿ ಶುರು ಮಾಡಿದೆ.

"ನೋವನ್ನ ಓಡಿಸ್ಬೇಡಿ ಅಮ್ಮ. ಮನೆಗೆ ಬಂದ ನೆಂಟರ ಥರ ಸುಮ್ನೆ ನೋಡಿ."

"ನೆಂಟ್ರು ಬಂದ್ರೆ ಸುಮ್ಕೆ ನೋಡ್ತಾ ಕೂತ್ಕಂಡಾರಾ? ಕಾಪಿ ಕಾಸ್ಬೇಕು ಕಣವ್ವ."

"ಕಾಫಿ ಆಮೇಲೆ. ಈಗ ನೋವನ್ನ ನೋಡ್ತಾ ಇದೀರಾ?"

"ನಾನು ನೋಡ್ತಾವ್ನಿ. ಅದೂ ನನ್ನೇ ನೋಡ್ತಾದೆ."

ನಾನು ಹೊಳೆ ದಾಟಿ ಹಕ್ಕಿಗೆ ಬರುವಷ್ಟರಲ್ಲಿ ಅವರ ಬಿಗಿ ಮುಷ್ಟಿ ಸಡಿಲವಾಗಿತ್ತು. ಫಿಸಿಯೋಥೆರಪಿಸ್ಟ್ ಮೆಲ್ಲಗೆ ಕಾಲು ಹಿಡಿದರು. "ಅಯ್ಯೋ ಸಿವನೇ" ಎಂದರೇ ಹೊರತು ಕೆಂಪಮ್ಮನವರು ಕೈ ತಳ್ಳಲಿಲ್ಲ. ಉದ್ದಕ್ಕೆ ಉಸಿರು ಬಿಟ್ಟರು. ಮಂಡಿ ಬಾಗಿತು. ನನಗೆ ಕಣ್ಣಲ್ಲಿ ನೀರೇ ಬಂತು. ತಂಗಾಳಿ ಇನ್ನೂ ಬಾಕಿಯಿತ್ತು; ಅದನ್ನೂ ಮುಗಿಸಿದೆ.

ಮೂರ್ನಾಲ್ಕು ದಿನ ಹೀಗೇ ನಡೆದು, ಕೆಂಪಮ್ಮನವರು ವಾಕರ್ ಹಿಡಿದು ಬಾಗಿಲವರೆಗೆ ಹೋಗಿಬರುವಂತಾದರು. ನನ್ನ ನಡಿಗೆಯಲ್ಲೂ ಸ್ವಲ್ಪ ಗತ್ತು ಬಂತು. ಅವರು ಮನೆಗೆ ಹೊರಡುವ ಬೆಳಗ್ಗೆ ನಾನು ಪರದೆಯ ಈಚೆ ಹಾಸಿಗೆ ಸರಿಮಾಡುತ್ತಿದ್ದೆ. ಆಚೆ ಅವರು, ಅದೇ ಆಪರೇಷನ್‌ಗೆ ಬಂದಿದ್ದ ಪಕ್ಕದ ಮಂಚದ ನೂರ್‌ಜಾನ್ ಅವರಿಗೆ ಧೈರ್ಯ ಹೇಳುತ್ತಿದ್ದರು.

"ಉಸ್ರು ನೋಡ್ಕೊಂಡಿದ್ರೆ ನೋವ ವಸಿ ತಡ್ಕೋಬೋದು ಕಣಮ್ಮ, ದಿಟವೇ. ಆದ್ರೆ ಆ ನರ್ಸಮ್ಮ ಪಕ್ದಲ್ಲೇ ಕುಂತು ಒದರ್ತಿರ್ತದೆ. ಅದುನ್ನೂ ತಡ್ಕೋಬೇಕು, ನೋಡಿ."

ಈಗ ನಾನು ಡಾಕ್ಟರು ಕಲಿಸಿದ ಎರಡು ಮಾತು ಹೇಳಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಪೇಷೆಂಟುಗಳು ಆರಾಮವಾಗಿ ತಡೆದುಕೊಳ್ಳುತ್ತಿದ್ದಾರೆ. ನನ್ನ ಕೈಲಿ ಮಾತ್ರ ಆ ನಾಲ್ಕೈದು ನಿಮಿಷ ತಡೆದುಕೊಳ್ಳಲು ಆಗುತ್ತಿಲ್ಲ.