ತಾತನ ಸಕ್ಕರೆ, ಅಜ್ಜಿಯ ಬೆರಳು

ಸಿರಾ ತಾಲ್ಲೂಕಿನ ಹಳ್ಳಿಗಳಲ್ಲಿ ಇಪ್ಪತ್ತು ವರ್ಷದಿಂದ ನರ್ಸಮ್ಮ ಅನ್ನಿಸಿಕೊಂಡು ಓಡಾಡುತ್ತಿದ್ದೇನೆ. ಸಕ್ಕರೆ ಕಾಯಿಲೆಯವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದ್ದೇ ಬಂತು. ಉಳಿದವರದ್ದೆಲ್ಲ ಒಂದು ತೂಕವಾದರೆ ತಾವರೆಕೆರೆ ಹತ್ತಿರದ ಒಬ್ಬ ತಾತನದ್ದೇ ಒಂದು ತೂಕ. ಅವರ ಎರಡೂ ಕಣ್ಣಿಗೆ ಪೊರೆ ಬಂದು, ಜನರನ್ನು ದನಿಯಲ್ಲೇ ಗುರುತು ಹಿಡಿಯುತ್ತಿದ್ದರು. ಸಕ್ಕರೆ ಇಳಿಯದೆ ಆಪರೇಷನ್ ಇಲ್ಲ ಎಂದ ಮಧುಗಿರಿಯ ಕಣ್ಣಿನ ಡಾಕ್ಟರು, ಇಳಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಬೆರಳು

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ನೋಡಬೇಕು, ಬನ್ನಿ ಎಂದಿದ್ದೆ. ತಾತನ ಹೆಂಡತಿ ಒಬ್ಬರೇ ಬಂದು ಬೆರಳು ಚಾಚಿದರು.

“ತಾತ ಎಲ್ಲಜ್ಜಿ?”

“ಅವ್ರು ಹಸ್ಕೊಂಡು ಇರಾಕಾಗಲ್ಲ ಕಣಮ್ಮ, ಉಣ್ತಾವ್ರೆ. ನಾನು ಖಾಲಿ ಹೊಟ್ಟೇಲಿ ಇದೀನಿ, ನಂದೇ ಚುಚ್ಚು.”

“ಕಾಯಿಲೆ ಇರೋದು ಅವರಿಗೆ!”

“ನಲವತ್ತು ವರ್ಸದಿಂದ ಒಂದೇ ಮಡಕೇಲಿ ಉಂಡೀವಿ. ಅವ್ರ ರಕ್ತ ಬ್ಯಾರೆ, ನನ್ ರಕ್ತ ಬ್ಯಾರೇನಾ?”

ವಾದ ಮಾಡಿ ಸೋತು ಚುಚ್ಚಿದೆ. ಅಜ್ಜಿಯ ಸಕ್ಕರೆ ಸರಿಯಾಗಿಯೇ ಇತ್ತು. “ನೋಡ್ದಾ, ಇಳ್ದೈತೆ! ಆಪರೇಸನ್‌ಗೆ ಬರ್ಕೊಡು” ಎಂದರು.

ಒಂದೇ ಮುದ್ದೆ

ಅನ್ನ ಬೇಡ, ಹೊತ್ತಿಗೆ ಒಂದೇ ಮುದ್ದೆ, ಸೊಪ್ಪು ಕಾಳು ಜಾಸ್ತಿ, ದಿನಾ ಅರ್ಧ ಗಂಟೆ ನಡಿಗೆ ಎಂದು ಹೇಳಿ ಬಂದೆ. ವಾರ ಬಿಟ್ಟು ಊಟದ ಹೊತ್ತಿಗೆ ಹೋಗಿ ನೋಡಿದರೆ ತಾತನ ತಟ್ಟೆಯಲ್ಲಿ ಸುಲಿದ ತೆಂಗಿನಕಾಯಿ ಗಾತ್ರದ ಮುದ್ದೆ!

“ಏನಜ್ಜಿ ಇದು?”

“ನೀನೇ ಒಂದು ಅಂದ್ಯಲ್ಲ. ಮೂರೂ ಸೇರ್ಸಿ ಒಂದೇ ಕಟ್ಟೀನಿ.”

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮುದ್ದೆಯ ಅಳತೆಗೆ ನಾನೇ ಒಂದು ಪುಟ್ಟ ಬಟ್ಟಲು ಕೊಟ್ಟು ಬಂದೆ. ನಡಿಗೆಗೆ ದಾರಿ ಕಾಣುವುದಿಲ್ಲವೆಂದು ತಾತ ಹಸುವಿನ ಹಗ್ಗ ಹಿಡಿದು ಹೊರಟರು. ಇಡೀ ಊರಿನಲ್ಲಿ ನನ್ನ ಮಾತು ತಪ್ಪದೆ ಕೇಳಿದ್ದು ಆ ಹಸು ಒಂದೇ.

ಹರಕೆ

ನಾಲ್ಕು ತಿಂಗಳಿಗೆ ತಾತ ಎಂಟು ಕೇಜಿ ಇಳಿದರು, ಸಕ್ಕರೆಯೂ ಇಳಿಯಿತು. ಸೋಮವಾರ ಆಪರೇಷನ್ ಎಂದು ಗೊತ್ತಾಯಿತು. ಸೋಮವಾರ ಬೆಳಿಗ್ಗೆ ನೋಡಿದರೆ ಸಕ್ಕರೆ ಮತ್ತೆ ಮೇಲೆ! ಡಾಕ್ಟರು ವಾಪಸ್ ಕಳಿಸಿದರು.

ಆಸ್ಪತ್ರೆ ಬಾಗಿಲಲ್ಲೇ ಕೂಗಾಡಿದೆ. “ಏನ್ ತಿಂದ್ರಿ, ನಿಜ ಹೇಳಿ!”

ಸಕ್ಕರೆ ಇಳಿದರೆ ತಾತನ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಅಜ್ಜಿ ಮೊದಲೇ ದೇವರಿಗೆ ಹೇಳಿಕೊಂಡಿದ್ದರಂತೆ. ಭಾನುವಾರ ತಾತನನ್ನು ತಕ್ಕಡಿಯಲ್ಲಿ ಕೂರಿಸಿ ತೂಗಿಸಿದ್ದಾರೆ. ಪೂಜಾರಿ ಪ್ರಸಾದ ಎಂದು ಮಡಿಲು ತುಂಬ ಬೆಲ್ಲ ಕೊಟ್ಟಿದ್ದಾನೆ. ತಾತ ಪ್ರಸಾದವನ್ನು ಚೂರೂ ಚೆಲ್ಲಿಲ್ಲ.

“ಬೆಲ್ಲ ತಿಂದ್ರೆ ಏರದೇ ಇರುತ್ತಾ ಅಜ್ಜಿ?”

“ಬೆಲ್ಲ ಏನ್ ಮಾಡ್ತದೆ? ತೆಪ್ಪೆಲ್ಲ ನಿಂದು ಕಣಮ್ಮ! ಹರಕೆ ಹೊತ್ಕಂಡಾಗ ಎಪ್ಪತ್ತೆಂಟು ಕೇಜಿ ಇದ್ರು. ನೀನು ಎಪ್ಪತ್ತಕ್ಕೆ ಇಳಿಸ್ಬುಟ್ಟೆ. ದೇವ್ರಿಗೆ ಎಂಟು ಕೇಜಿ ಬೆಲ್ಲ ಕಮ್ಮಿ ಬಿತ್ತು. ಸಿಟ್ಟು ಬರ್ದೆ ಇರ್ತದಾ?”

ಕಣ್ಣು

ಮತ್ತೆ ಬಟ್ಟಲು, ಮತ್ತೆ ಹಸು. ಇನ್ನೆರಡು ತಿಂಗಳಿಗೆ ಅಂತೂ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚುವಾಗ ನಾನೂ ಎದುರಿಗೆ ನಿಂತಿದ್ದೆ. ತಾತ ಕಣ್ಣು ಪಿಳಿಪಿಳಿ ಮಾಡಿ, “ನೀನ್ಯಾರಮ್ಮ?” ಎಂದರು.

“ನಾನೇ ತಾತ, ನರ್ಸಮ್ಮ.”

ದನಿ ಗುರುತು ಸಿಕ್ಕಿತು. ನಕ್ಕರು. ನನಗೆ ಅಳುವೇ ಬಂತು. ಪಟ್ಟ ಪಾಡೆಲ್ಲ ಸಾರ್ಥಕವಾಯಿತು ಅನ್ನಿಸಿತು.

ತಾತ ನನ್ನನ್ನು ಮೇಲಿಂದ ಕೆಳಗೆ, ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ನೋಡಿ, ಹೆಂಡತಿಯ ಕಡೆ ತಿರುಗಿದರು.

“ಲೇ, ಆವತ್ತು ತಕ್ಕಡೀಲಿ ನನ್ ಬದ್ಲು ಈವಮ್ಮನ್ನ ಕೂರ್ಸಿದ್ರೆ ದೇವ್ರಿಗೆ ಬೆಲ್ಲ ಕಮ್ಮೀನೇ ಬೀಳ್ತಿರ್ಲಿಲ್ವಲ್ಲೇ!”