ಒಣಗಣ್ಣಿನ ಸೋದರಮಾವ

ಕನ್ನಡಕವನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಶಿಕಾರಿಪುರದ ನನ್ನ ಬಟ್ಟೆ ಅಂಗಡಿಯಲ್ಲಿ ಬಗ್ಗಿ ಸೀರೆ ಬಿಡಿಸಿ ತೋರಿಸುವಾಗ ಅದು ಜಾರಿ, ಸೀರೆಯ ಮಡಿಕೆಯೊಳಗೆ ಸೇರಿ, ಗಿರಾಕಿಯ ಜೊತೆ ಉಡುತಡಿಗೇ ಹೋಗಿಬಿಟ್ಟಿತ್ತು! ತೊಂಬತ್ತರ ದಶಕದ ಕೊನೆ. ಬೆಂಗಳೂರಿನಲ್ಲಿ ಕಣ್ಣಿಗೆ ಲೇಸರ್ ಆಪರೇಷನ್ ಬಂದಿದೆ ಎಂದು ಕೇಳಿದೆ. ಹೋದೆ, ಮಾಡಿಸಿಕೊಂಡೆ. "ಕಣ್ಣು ಸ್ವಲ್ಪ ಒಣಗುತ್ತೆ, ಕಣ್ಣೀರು ಕಮ್ಮಿಯಾಗಬಹುದು" ಎಂದು ಡಾಕ್ಟರು ಹನಿ ಔಷಧಿಯ ಬಾಟಲಿ ಕೊಟ್ಟರು.

"ಗಂಡಸಿಗೆ ಕಣ್ಣೀರು ಯಾಕ್ ಸಾರ್?" ಎಂದು ನಕ್ಕು ಬಂದೆ. ಕೆಲವು ತಿಂಗಳ ಮಾತು ಎಂದಿದ್ದರು. ವರ್ಷ ಕಳೆದರೂ ಕಣ್ಣು ಒದ್ದೆಯಾಗಲಿಲ್ಲ.

ಬುದ್ಧಿ ಬಂದದ್ದು ಅಕ್ಕನ ಮಗಳು ಗಿರಿಜೆಯ ಮದುವೆಯಲ್ಲಿ. ತಂದೆಯಿಲ್ಲದ ಹುಡುಗಿ. ಸೊರಬದಲ್ಲಿ, ಗಂಡಿನ ಕಡೆಯವರ ಊರಲ್ಲೇ ಮದುವೆ. ಹೆಣ್ಣೊಪ್ಪಿಸುವ ಶಾಸ್ತ್ರ ನನ್ನ ಪಾಲಿಗೆ. ಹಿಂದಿನ ದಿನ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು.

"ತಮ್ಮಾ, ಹೆಣ್ಣೊಪ್ಪಿಸೋವಾಗ ನೀನು ಅಳಬೇಕು ನೋಡು. ಅವರಪ್ಪ ಇದ್ದಿದ್ರೆ ಅಳ್ತಿದ್ರು. ಇಲ್ಲಾಂದ್ರೆ ಈ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ಹಗುರ ಮಾಡ್ತಾರೆ."

"ಅಷ್ಟೇನಾ ಅಕ್ಕಾ? ಕೊಡಗಟ್ಟಲೆ ಅಳ್ತೀನಿ ಬಿಡು!"

ಹೇಳಿದ್ದು ಬಾಯಿ. ಕಣ್ಣನ್ನು ಕೇಳಿರಲಿಲ್ಲ.

ಮದುವೆಯ ಬೆಳಿಗ್ಗೆ ಪರೀಕ್ಷೆ ಮಾಡಿದೆ. ಪುಟ್ಟ ಗಿರಿಜೆ ಅಂಗಡಿಯ ಕಟ್ಪೀಸುಗಳ ರಾಶಿಯಲ್ಲಿ ಮಲಗಿ ನಿದ್ದೆ ಹೋಗುತ್ತಿದ್ದುದನ್ನು ನೆನೆಸಿಕೊಂಡೆ. ಎದೆ ಭಾರವಾಯಿತು. ಕಣ್ಣು ಮಾತ್ರ ಮರಳು ಬಿದ್ದ ಹಾಗೆ ಉರಿಯಿತು. ಒಂದು ಹನಿ ಇಲ್ಲ! ಅಡುಗೆಮನೆಗೆ ಓಡಿದೆ. ಅಲ್ಲಿ ಅಡುಗೆಯವರು ಈರುಳ್ಳಿ ಹೆಚ್ಚುತ್ತಾ ಧಾರಾಕಾರವಾಗಿ ಅಳುತ್ತಿದ್ದರು. ರಾಶಿಯ ಮೇಲೆ ಮುಖವಿಟ್ಟು ಕೂತೆ. ಏನೂ ಇಲ್ಲ!

"ಎಂಥಾ ಕಣ್ಣು ಮಾರಾಯ್ರೇ ನಿಮ್ದು! ಈರುಳ್ಳಿ ಹೆಚ್ಚೋಕೆ ನಮ್ ಜೊತೆ ಬರ್ತೀರಾ?" ಎಂದ ಒಬ್ಬ. ಕೆಲಸ ಸಿಕ್ಕಿತು, ಕಣ್ಣೀರು ಸಿಗಲಿಲ್ಲ.

ಉಳಿದದ್ದು ಹನಿ ಔಷಧಿಯ ಬಾಟಲಿ. ಅದನ್ನು ಶಲ್ಯದ ಕೆಳಗೆ ಅಡಗಿಸಿಕೊಂಡು ಶಾಸ್ತ್ರಕ್ಕೆ ನಿಂತೆ. ಗಿರಿಜೆಯ ಕೈಯನ್ನು ಅವಳ ಅತ್ತೆಯ ಕೈಗಿಟ್ಟೆ. ಅಕ್ಕ ಅತ್ತಳು, ನನ್ನ ಹೆಂಡತಿ ಅತ್ತಳು, ವಿಡಿಯೋದವನೂ ಮೂಗು ಒರೆಸಿಕೊಂಡ. ಎಲ್ಲರ ನೋಟವೂ ನನ್ನ ಒಣ ಮುಖದ ಮೇಲೆ! ಶಲ್ಯದಿಂದ ಮುಖ ಮುಚ್ಚಿಕೊಂಡು ಬಾಟಲಿ ಒತ್ತಿದೆ. ಗಾಬರಿಯಲ್ಲಿ ಜೋರಾಗಿಯೇ ಒತ್ತಿದೆ. ಮೂತಿ ಕಿತ್ತುಬಂದು ಇಡೀ ಔಷಧಿ ಮೀಸೆಯ ಮೇಲೆ ಸುರಿಯಿತು. ಕೈ ಜಾರಿದ ಬಾಟಲಿ ಬೀಗಿತ್ತಿಯ ಕಾಲ ಬಳಿಯೇ ಹೋಗಿ ನಿಂತಿತು.

ಆಕೆ ಅದನ್ನೆತ್ತಿ ಮೂಸಿ ನೋಡಿದರು. "ಎಂತದು ಬೀಗ್ರೇ ಇದು?"

"ಕಣ್ಣೀರು" ಎಂದೆ. ಬೇರೇನು ಹೇಳಲಿ?

"ಆಪರೇಷನ್ ಆದಾಗಿಂದ ಇವ್ರಿಗೆ ಕಣ್ಣೀರು ಬರಲ್ರೀ. ಅದಕ್ಕೇ ಹೊರಗಿನಿಂದ ತಂದಾರೆ!" ಎಂದು ನನ್ನ ಹೆಂಡತಿ, ಮಾನ ಉಳಿಸಲು ಹೋಗಿ ಉಳಿದಿದ್ದನ್ನೂ ಕಳೆದಳು.

ಮೊದಲು ನಕ್ಕವಳು ಗಿರಿಜೆ. ಆಮೇಲೆ ಇಡೀ ಚಪ್ಪರ! ಅಳುತ್ತಿದ್ದ ಅಕ್ಕನೂ ಬಾಯಿಗೆ ಸೆರಗು ಇಟ್ಟುಕೊಂಡಳು. ಕೆಟ್ಟೆ, ಹುಡುಗಿಯ ಮರ್ಯಾದೆಯನ್ನೂ ಕಳೆದೆ ಎಂದುಕೊಂಡೆ.

ಬೀಗಿತ್ತಿ ಗಿರಿಜೆಯ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. "ಕಣ್ಣೀರು ಇಲ್ದಿದ್ರೂ ಎಲ್ಲಿಂದಾದ್ರೂ ತಂದು ಅಳೋ ಮಾವ ಇದ್ದಾರಲ್ಲೇ ನಿಂಗೆ. ನಿನ್ನ ಬೈಯೋಕೂ ಹೆದರಬೇಕು ಮಾರಾಯ್ತಿ!"

ಸಂಜೆ ಮದುವೆ ಬಸ್ಸು ಶಿಕಾರಿಪುರಕ್ಕೆ ಹೊರಟಿತು. ಬರುವಾಗ ಗಿರಿಜೆ ಕೂತಿದ್ದ ಕಿಟಕಿಯ ಪಕ್ಕದ ಜಾಗದಲ್ಲಿ ಈಗ ಪಾತ್ರೆಗಳ ಚೀಲ. ನೋಡಿದ್ದೇ ತಡ, ನನಗೆ ನಿಜವಾದ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಭುಜ ಕುಣಿಯಿತು, ಉಸಿರು ಸಿಕ್ಕಿಕೊಂಡಿತು, ಕಣ್ಣಲ್ಲಿ ಮಾತ್ರ ಹನಿಯಿಲ್ಲ. ಶಾಸ್ತ್ರದ ಹೊತ್ತಿಗೆ ಉಂಡು ಮಲಗಿದ್ದ ನಮ್ಮ ದೊಡ್ಡಮ್ಮ ಮುಂದಿನ ಸೀಟಿನಿಂದ ತಿರುಗಿ ನೋಡಿದರು.

"ಎಷ್ಟು ಹೋಳಿಗೆ ತಿಂದ್ಯೋ ಪುಣ್ಯಾತ್ಮ? ಬಿಕ್ಕಳಿಕೆ ನಿಲ್ಲಂಗೇ ಇಲ್ಲ. ನೀರು ಕುಡಿ!"

ಕುಡಿದೆ.